ಸೇಬಿನ ಗ್ಯಾಲೆಟ್ ಮತ್ತು ‘ನಿತ್ಯ’ ಎಂಬ ಪದ

ಸಂಡೇ ಸ್ಕೂಲಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು: “ನಿತ್ಯಜೀವ ಅಂದರೆ ಮುಗಿಯುವುದೇ ಇಲ್ಲ ಅಂತಲ್ಲವೇ? ಹಾಗಾದರೆ ಅಲ್ಲಿ ಬೇಜಾರಾಗುವುದಿಲ್ಲವೇ?” ಪಾಠದ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ದೇವದೂತರು, ಹಾಡು, ಬೆಳಕು ಎಂದು ಏನೇನೋ ತಡವರಿಸಿದೆ. ಅವಳ ಮುಖ ನೋಡಿದರೆ ಯಾವುದೂ ಒಪ್ಪಿಗೆಯಾದಂತಿರಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿದ್ದು ನನ್ನ ಪುಣ್ಯ. ಮುಂದಿನ ವಾರ ಮಕ್ಕಳಿಗೆ ಹಣ್ಣಿನ ಸಿಹಿ ಮಾಡಿಕೊಂಡು ಬರುತ್ತೇನೆಂದು ಮಾತು ಕೊಟ್ಟಿದ್ದೆ. ಆ ಸಿಹಿಯೇ ಈ ಸೇಬಿನ ಗ್ಯಾಲೆಟ್. ಇದರಲ್ಲಿ ಕೆಲಸ ಕಡಿಮೆ, ಕಾಯುವುದು ಹೆಚ್ಚು: ಹಿಟ್ಟಿಗೆ ಒಂದು ಗಂಟೆ, ಓವನ್ನಿಗೆ ಮುಕ್ಕಾಲು ಗಂಟೆ, ಆರುವುದಕ್ಕೆ ಅರ್ಧ ಗಂಟೆ. ಉತ್ತರ ಹುಡುಕಿದ್ದು ಈ ಬಿಡುವುಗಳಲ್ಲಿ. ಹಾಗಾಗಿ ಇಲ್ಲಿ ಪಾಕವಿಧಾನದ ನಡುನಡುವೆ ಆ ಹುಡುಕಾಟವೂ ಬರುತ್ತದೆ. ಬರೀ ಸಿಹಿ ಸಾಕೆನ್ನುವವರು ಆ ಭಾಗಗಳನ್ನು ದಾಟಿಕೊಂಡು ಹೋಗಬಹುದು. ಹಿಟ್ಟು ಮಾತ್ರ ಕಾಯುವುದನ್ನು ದಾಟಲು ಬಿಡುವುದಿಲ್ಲ.

ಗ್ಯಾಲೆಟ್ ಎನ್ನುವುದು ಫ್ರೆಂಚ್ ಹೆಸರು. ಅಚ್ಚು ಬೇಡದ, ಅಂಚು ನೇರವಾಗಿರಬೇಕೆಂಬ ಹಟವಿಲ್ಲದ ಹಣ್ಣಿನ ಪೇಸ್ಟ್ರಿ ಇದು. ಹಿಟ್ಟನ್ನು ದುಂಡಗೆ ಲಟ್ಟಿಸಿ, ನಡುವೆ ಹಣ್ಣು ಹರಡಿ, ಸುತ್ತಲಿನ ಅಂಚನ್ನು ಒಳಕ್ಕೆ ಮಡಚಿ ಬೇಯಿಸಿದರೆ ಆಯಿತು. ಪೈ ಮಾಡಲು ಹೋಗಿ ಅಂಚು ಹರಿದು ಅಳುವ ಹಂತಕ್ಕೆ ಬಂದವರಿಗೆ ಗ್ಯಾಲೆಟ್ ಒಂದು ವರ. ಇಲ್ಲಿ ಅಂಚು ಸೊಟ್ಟಗಿದ್ದರೇ ಚೆಂದ.

ಬೇಕಾಗುವ ಸಾಮಗ್ರಿ

ಹಿಟ್ಟಿಗೆ: ಮೈದಾ 200 ಗ್ರಾಂ, ಉಪ್ಪಿಲ್ಲದ ತಣ್ಣನೆಯ ಬೆಣ್ಣೆ 120 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ಐಸ್ ಹಾಕಿ ತಣ್ಣಗಾಗಿಸಿದ ನೀರು ನಾಲ್ಕೈದು ದೊಡ್ಡ ಚಮಚ.

ಹೂರಣಕ್ಕೆ: ಮಧ್ಯಮ ಗಾತ್ರದ ಸೇಬು ನಾಲ್ಕು, ಸಕ್ಕರೆ 50 ಗ್ರಾಂ, ನಿಂಬೆರಸ ಒಂದು ದೊಡ್ಡ ಚಮಚ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ, ದಾಲ್ಚಿನ್ನಿ ಪುಡಿ ಅರ್ಧ ಸಣ್ಣ ಚಮಚ, ಚಿಟಿಕೆ ಉಪ್ಪು. ಮೇಲೆ ಸವರಲು ಸ್ವಲ್ಪ ಹಾಲು ಅಥವಾ ಕಲಕಿದ ಮೊಟ್ಟೆ, ಉದುರಿಸಲು ಇನ್ನೊಂದು ಚಮಚ ಸಕ್ಕರೆ.

ಮೈದಾ ಮತ್ತು ಬೆಣ್ಣೆಯನ್ನು ತೂಕ ಮಾಡಿಯೇ ತೆಗೆದುಕೊಳ್ಳಿ. ಒಂದೇ ಕಪ್ಪಿನಲ್ಲಿ ಮೈದಾವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ಸುರಿದರೆ ಇನ್ನೊಂದು. ಪೇಸ್ಟ್ರಿ ಕೆಡುವುದು ಹೆಚ್ಚಾಗಿ ಈ ಅಂದಾಜಿನಲ್ಲಿಯೇ. ಸೇಬಿನ ವಿಷಯದಲ್ಲಿ ಇಷ್ಟು ಬಿಗಿ ಬೇಡ. ಗಟ್ಟಿಯಾಗಿದ್ದು ಹುಳಿಯ ಎಳೆಯಿರುವ ಹಣ್ಣಾದರೆ ಸಾಕು. ಗ್ರಾನಿ ಸ್ಮಿತ್ ಎಂಬ ಹಸಿರು ಸೇಬು ಎರಡು, ಸಿಹಿಯಾದ ಕೆಂಪು ಸೇಬು ಎರಡು ಬೆರೆಸುವುದು ನನಗೆ ಹಿಡಿಸಿದ ಕ್ರಮ. ಹಿಟ್ಟಿನಂತೆ ಮೆತ್ತಗಾಗಿರುವ ಹಳೆಯ ಸೇಬನ್ನು ಇಲ್ಲಿ ಬಳಸಬೇಡಿ. ಅದು ಓವನ್ನಿನಲ್ಲಿ ಕರಗಿ ಮುದ್ದೆಯಾಗುತ್ತದೆ.

ಹಿಟ್ಟು ಕಲಸುವುದು

ಬೆಣ್ಣೆಯನ್ನು ಒಂದು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ, ಹತ್ತು ನಿಮಿಷ ಮತ್ತೆ ಫ್ರಿಜ್‌ನಲ್ಲಿ ಇಡಿ. ಅಗಲವಾದ ಬೋಗುಣಿಯಲ್ಲಿ ಮೈದಾ, ಸಕ್ಕರೆ, ಉಪ್ಪನ್ನು ಬೆರೆಸಿಕೊಳ್ಳಿ. ಬೆಣ್ಣೆಯ ತುಂಡುಗಳನ್ನು ಅದರೊಳಕ್ಕೆ ಹಾಕಿ, ಒಂದೊಂದಕ್ಕೂ ಹಿಟ್ಟು ಮೆತ್ತುವಂತೆ ಹೊರಳಾಡಿಸಿ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದೊಂದೇ ತುಂಡನ್ನು ಒತ್ತಿ ಚಪ್ಪಟೆ ಮಾಡುತ್ತಾ ಹೋಗಿ. ಅಂಗೈ ತಾಗಿಸಬೇಡಿ, ಅಂಗೈಯ ಬಿಸಿಗೆ ಬೆಣ್ಣೆ ಕರಗುತ್ತದೆ. ಬಟಾಣಿ ಗಾತ್ರದ ಚೂರುಗಳೂ ಹಾಳೆಯಂತೆ ತೆಳುವಾದ ಪದರಗಳೂ ಬೆರೆತು ಕಂಡಾಗ ನಿಲ್ಲಿಸಿ. ಎಲ್ಲವೂ ಒಂದೇ ಸಮನಾಗಿ ಪುಡಿಯಾಗುವವರೆಗೆ ಉಜ್ಜಿದರೆ ಪೇಸ್ಟ್ರಿಯಲ್ಲಿ ಪದರ ಬರುವುದಿಲ್ಲ, ಬಿಸ್ಕತ್ತಿನಂತೆ ಪುಡಿಪುಡಿಯಾಗುತ್ತದೆ.

ಬೆಣ್ಣೆ ಚೂರಾಗಿ ಉಳಿಯಬೇಕು ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಬ್ಬು. ಉಳಿದದ್ದರಲ್ಲಿ ಬಹುಪಾಲು ನೀರು. ಬಿಸಿ ಓವನ್ನಿಗೆ ಹೋದ ಕೂಡಲೇ ಕೊಬ್ಬು ಕರಗಿ ಆ ಜಾಗ ಟೊಳ್ಳಾಗುತ್ತದೆ, ನೀರು ಆವಿಯಾಗುತ್ತದೆ. ಆವಿಯಾದ ನೀರು ಮೊದಲಿನ ಸಾವಿರದ ಆರುನೂರು ಪಟ್ಟು ಜಾಗ ಬೇಡುತ್ತದೆ. ಅದು ಹಿಟ್ಟಿನ ಪದರಗಳನ್ನು ಮೇಲಕ್ಕೆ ನೂಕಿ ಬಿಡಿಸುತ್ತದೆ. ಗರಿಗರಿ ಪದರ ಎನ್ನುವುದು ಇಷ್ಟೇ: ಬೆಣ್ಣೆಯ ಒಂದು ಚೂರು ಇದ್ದು ಹೋದ ಗುರುತು.

ಈಗ ತಣ್ಣೀರನ್ನು ಒಂದೊಂದೇ ಚಮಚ ಚಿಮುಕಿಸುತ್ತಾ ಫೋರ್ಕಿನಿಂದ ಕೆದಕಿ. ನಾಲ್ಕು ಚಮಚವಾದ ಮೇಲೆ ಒಂದು ಹಿಡಿ ತೆಗೆದುಕೊಂಡು ಹಿಚುಕಿ ನೋಡಿ. ಮುಷ್ಟಿಯಲ್ಲಿ ಒಟ್ಟಾಗಿ ನಿಂತರೆ ನೀರು ಸಾಕು, ಉದುರಿದರೆ ಇನ್ನೊಂದು ಚಮಚ ಹಾಕಿ. ಬೋಗುಣಿಯ ತಳದಲ್ಲಿ ಒಣಹಿಟ್ಟು ಸ್ವಲ್ಪ ಉಳಿದಿರುವಾಗಲೇ ಎಲ್ಲವನ್ನೂ ಒತ್ತಿ ಒಂದು ಬಿಲ್ಲೆಯಾಗಿ ಮಾಡಿ. ನಾದುವ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೂ ಇಲ್ಲಿ ನಾದಬೇಡಿ. ನೀರು ಸೇರಿ ತಿಕ್ಕಿದಷ್ಟೂ ಮೈದಾದಲ್ಲಿ ಗ್ಲೂಟೆನ್ ಎಂಬ ರಬ್ಬರಿನಂತಹ ಜಾಲ ಬಲಿಯುತ್ತದೆ. ಬ್ರೆಡ್ಡಿಗೆ ಅದು ಬೇಕು, ಪೇಸ್ಟ್ರಿಗೆ ಶತ್ರು.

ನಾನು ಮೊದಲ ಸಲ ಮಾಡಿದಾಗ ಹಿಟ್ಟು ನುಣುಪಾಗಲೆಂದು ಚೆನ್ನಾಗಿ ನಾದಿ, ತಕ್ಷಣ ಲಟ್ಟಿಸಿದೆ. ಲಟ್ಟಿಸಿದ್ದು ಕೈ ಬಿಟ್ಟ ಕೂಡಲೇ ಹಿಂದಕ್ಕೆ ಕುಗ್ಗುತ್ತಿತ್ತು. ಹಟದಿಂದ ಎಳೆದು ಬೇಯಿಸಿದೆ. ತಿನ್ನಲು ಕುಳಿತವರು ಚಾಕು ಕೇಳಿದರು.

ಬಿಲ್ಲೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಇಡೀ ರಾತ್ರಿಯಾದರೂ ತೊಂದರೆಯಿಲ್ಲ.

ಮೊದಲ ಕಾಯುವಿಕೆ: ಒಂದು ಗಂಟೆ

ಈ ಗಂಟೆಯಲ್ಲಿ ಹಿಟ್ಟು ಸುಮ್ಮನೆ ಮಲಗಿದಂತೆ ಕಾಣುತ್ತದೆ. ಒಳಗೆ ನೀರು ಒಣಗಿದ್ದ ಮೂಲೆಗಳಿಗೂ ಹರಡುತ್ತದೆ, ಬಿಗಿದ ಗ್ಲೂಟೆನ್ ಸಡಿಲವಾಗುತ್ತದೆ, ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ. ಇದರಿಂದ ಒಂದು ನೀತಿ ಹಿಂಡಿ ತೆಗೆಯುವುದು ಪ್ರಸಂಗ ಮಾಡುವವರಿಗೆ ಸುಲಭ. ನನಗೆ ಹಿಟ್ಟನ್ನು ಹಿಟ್ಟಾಗಿಯೇ ಬಿಡುವುದು ಇಷ್ಟ. ಆದರೆ ಅದು ಕೊಟ್ಟ ಒಂದು ಗಂಟೆ ಖಾಲಿಯಾಗಿತ್ತು, ಹುಡುಗಿಯ ಪ್ರಶ್ನೆ ತಲೆಯಲ್ಲಿತ್ತು.

ಅವಳ ಪ್ರಶ್ನೆಯಲ್ಲಿ ಒಂದು ಲೆಕ್ಕವಿದೆ. ಒಂದು ದಿನ, ಇನ್ನೊಂದು ದಿನ, ಮತ್ತೊಂದು ದಿನ, ಹೀಗೆ ಕೂಡುತ್ತಾ ಹೋದರೆ ಮುಗಿಯದ ಮೊತ್ತ ಬರುತ್ತದೆ, ಅದೇ ನಿತ್ಯತೆ. ಈ ಲೆಕ್ಕ ಸರಿಯಾಗಿದ್ದರೆ ಅವಳ ಭಯವೂ ಸರಿ. ಎಂತಹ ರುಚಿಯಾದ ಸಿಹಿಯನ್ನಾದರೂ ಮುಗಿಯದಷ್ಟು ಬಡಿಸಿದರೆ ಶಿಕ್ಷೆಯಾಗುತ್ತದೆ. ಕ್ರೈಸ್ತ ಚಿಂತಕರು ಈ ಲೆಕ್ಕವನ್ನು ಬಹಳ ಹಿಂದೆಯೇ ಅನುಮಾನಿಸಿದ್ದರು. ಬೊಯೇಥಿಯಸ್ ಎಂಬ ರೋಮನ್ ಪಂಡಿತ ಸುಮಾರು ಕ್ರಿ.ಶ. 524ರಲ್ಲಿ, ಸೆರೆಯಲ್ಲಿ ಮರಣದಂಡನೆಗೆ ಕಾಯುತ್ತಾ ಇದರ ಬಗ್ಗೆ ಬರೆದ. ಕೊನೆಯಿಲ್ಲದ ಜೀವವನ್ನು ಇಡಿಯಾಗಿ, ಒಮ್ಮೆಲೇ ಹೊಂದಿರುವುದು ನಿತ್ಯತೆ ಎಂಬುದು ಅವನ ವಿವರಣೆಯ ಸಾರ. ನಾವು ಬದುಕನ್ನು ತುತ್ತು ತುತ್ತಾಗಿ ತಿನ್ನುತ್ತೇವೆ. ನಿನ್ನೆಯ ತುತ್ತು ಹೊಟ್ಟೆ ಸೇರಿದೆ, ನಾಳೆಯದು ಇನ್ನೂ ತಟ್ಟೆಗೆ ಬಂದಿಲ್ಲ. ದೇವರಿಗೆ ಹಾಗೆ ಕಳೆದುಹೋದ ತುತ್ತೂ ಇಲ್ಲ, ಬರಬೇಕಾದ ತುತ್ತೂ ಇಲ್ಲ. ಎಲ್ಲ ಕ್ರೈಸ್ತರೂ ಇದನ್ನು ಒಪ್ಪುತ್ತಾರೆಂದಲ್ಲ. ದೇವರು ಕಾಲದ ಹೊರಗಿದ್ದಾನೆಯೇ, ಕೊನೆಯಿಲ್ಲದ ಕಾಲದಲ್ಲಿ ನಮ್ಮೊಂದಿಗೆ ನಡೆಯುತ್ತಾನೆಯೇ ಎಂಬ ವಾದ ದೇವಶಾಸ್ತ್ರದಲ್ಲಿ ಇಂದಿಗೂ ನಡೆಯುತ್ತಿದೆ. ಒಂಬತ್ತು ವರ್ಷದವಳ ಮುಂದೆ ಬೊಯೇಥಿಯಸ್‌ನನ್ನು ತಂದು ನಿಲ್ಲಿಸುವುದು ನನಗಂತೂ ಸಾಧ್ಯವಿರಲಿಲ್ಲ.

ಹೆಚ್ಚು ನೆರವಾದದ್ದು ಕನ್ನಡದ ಒಂದು ಪದ. ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತಂದವರು ‘ನಿತ್ಯಜೀವ’ ಎಂದು ಬರೆದರು. ನಿತ್ಯ ಎಂದರೆ ಶಾಶ್ವತ ಎಂಬುದು ಸರಿ. ಆದರೆ ಮನೆಯಲ್ಲಿ ಆ ಪದವನ್ನು ನಾವು ಬಳಸುವುದು ಬೇರೆ ಅರ್ಥದಲ್ಲಿ. ನಿತ್ಯದ ಕೆಲಸ, ನಿತ್ಯದ ಅಡುಗೆ, ನಿತ್ಯವೂ ಎದ್ದು ಬಾಗಿಲು ತೆಗೆಯುವುದು. ಒಂದೇ ಪದ ಮುಗಿಯದಿರುವುದನ್ನೂ ಹೇಳುತ್ತದೆ, ದಿನದಿನವೂ ಇರುವುದನ್ನೂ ಹೇಳುತ್ತದೆ. ಗ್ರೀಕ್ ಮೂಲದ ‘ಅಯೋನಿಯೋಸ್’ ಎಂಬ ಪದದಲ್ಲಿ ‘ಯುಗಕ್ಕೆ ಸೇರಿದ’ ಎಂಬ ಛಾಯೆಯಿದೆಯೇ ಹೊರತು ಈ ದಿನಬಳಕೆಯ ಅರ್ಥವಿಲ್ಲ. ಅಷ್ಟರಮಟ್ಟಿಗೆ ಇದು ಕನ್ನಡ ಓದುಗರಿಗೆ ಸಿಕ್ಕ ಬೋನಸ್.

ಬೋನಸ್ ಆದರೂ ಮೂಲಕ್ಕೆ ದ್ರೋಹವಲ್ಲ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಯೇಸು ಸೆರೆಯಾಗುವ ಮುಂಚಿನ ಪ್ರಾರ್ಥನೆಯಿದೆ. ಅದರ ಮೂರನೆಯ ವಚನದಲ್ಲಿ ಆತನು ನಿತ್ಯಜೀವವೆಂದರೇನು ಎಂಬುದನ್ನು ನೇರವಾಗಿ ಹೇಳುತ್ತಾನೆ: ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ತಿಳಿಯುವುದು. ಅಲ್ಲಿ ಎಷ್ಟು ವರ್ಷ ಎಂಬ ಮಾತೇ ಇಲ್ಲ. ತಿಳಿಯುವುದು ಎಂದರೆ ಒಬ್ಬರೊಂದಿಗೆ ಬಾಳಿ ತಿಳಿಯುವುದು. ಸಾವಿನಾಚೆಗೆ ಮೊದಲಾಗುವುದೂ ಅದಲ್ಲ. ಅದೇ ಸುವಾರ್ತೆಯ 5ನೆಯ ಅಧ್ಯಾಯದ ಪ್ರಕಾರ ನಂಬುವವನು ಈಗಾಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ.

ಇನ್ನೊಂದು ಸಣ್ಣ ಸಂಗತಿ ಇಲ್ಲಿಯೇ ಸೇರುತ್ತದೆ. ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ಅನುದಿನದ ಆಹಾರ ಕೇಳುತ್ತೇವಲ್ಲ, ಆ ‘ಅನುದಿನದ’ ಎಂಬಲ್ಲಿ ಗ್ರೀಕಿನಲ್ಲಿರುವುದು ‘ಎಪಿಯೂಸಿಯೋಸ್’ ಎಂಬ ಬಹು ಅಪರೂಪದ ಪದ. ಮತ್ತಾಯ ಮತ್ತು ಲೂಕರ ಸುವಾರ್ತೆಗಳಲ್ಲಿ ಆ ಪ್ರಾರ್ಥನೆಯೊಳಗೆ ಬಿಟ್ಟರೆ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿಯೂ ಅದು ಬರುವುದಿಲ್ಲ. ದಿನಕ್ಕೆ ಸಾಕಾಗುವ ರೊಟ್ಟಿ ಎಂದು ಕೆಲವರು, ಬರಲಿರುವ ದಿನದ ರೊಟ್ಟಿ ಎಂದು ಕೆಲವರು, ವಿದ್ವಾಂಸರು ಶತಮಾನಗಳಿಂದ ಹಗ್ಗಜಗ್ಗಾಟ ನಡೆಸಿದ್ದಾರೆ. ಎರಡನೆಯವರ ಮಾತು ನಿಜವಾದರೆ, ಮುಂದೆ ಬರುವ ಔತಣದ ಒಂದು ತುಂಡನ್ನು ಇಂದೇ ಕೊಡು ಎಂದು ನಾವು ನಿತ್ಯವೂ ಕೇಳುತ್ತಿದ್ದೇವೆ. ನನಗೆ ಆ ಓದು ಇಷ್ಟ. ಇಷ್ಟ ಎಂಬ ಕಾರಣಕ್ಕೆ ಅದೇ ಸರಿ ಎಂದು ವಾದಿಸುವುದಿಲ್ಲ.

ಹಣ್ಣು, ಮಡಿಕೆ, ಓವನ್

ಗಂಟೆ ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಹಚ್ಚಿ. ಫ್ಯಾನ್ ಇರುವ ಓವನ್ನಾದರೆ 180 ಸಾಕು. ಒಂದು ಖಾಲಿ ಬೇಕಿಂಗ್ ಟ್ರೇಯನ್ನು ಕೆಳಗಿನ ಅಂತಸ್ತಿನಲ್ಲಿಟ್ಟು ಅದೂ ಕಾಯಲಿ. ಗ್ಯಾಲೆಟ್ಟಿನ ತಳ ಹಸಿಯಾಗಿ ಉಳಿಯುವ ತೊಂದರೆಗೆ ಕಾದ ಟ್ರೇಗಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ.

ಸೇಬಿನ ಸಿಪ್ಪೆ ತೆಗೆದು, ನಡುವಿನ ಗಟ್ಟಿ ಭಾಗವನ್ನೂ ಬೀಜಗಳನ್ನೂ ಬಿಡಿಸಿ, ಅರ್ಧ ಸೆಂಟಿಮೀಟರಿಗಿಂತ ತುಸು ತೆಳುವಾದ ಹೋಳುಗಳಾಗಿ ಕತ್ತರಿಸಿ. ಕತ್ತರಿಸುತ್ತಿದ್ದಂತೆ ನಿಂಬೆರಸದಲ್ಲಿ ಹೊರಳಿಸಿ. ಗಾಳಿ ತಾಗಿದರೆ ಸೇಬಿನಲ್ಲಿರುವ ಕಿಣ್ವ ಅದನ್ನು ಕಂದು ಮಾಡುತ್ತದೆ, ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ಸಕ್ಕರೆ, ದಾಲ್ಚಿನ್ನಿ, ಉಪ್ಪು ಬೆರೆಸಿ ಹದಿನೈದು ನಿಮಿಷ ಬಿಡಿ. ಸಕ್ಕರೆ ಹಣ್ಣಿನ ನೀರನ್ನು ಎಳೆದು ಬೋಗುಣಿಯ ತಳದಲ್ಲಿ ರಸ ನಿಲ್ಲುತ್ತದೆ. ಆ ರಸದಲ್ಲಿ ಎರಡು ಚಮಚದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬಸಿದುಬಿಡಿ. ಬಸಿದದ್ದನ್ನು ಚೆಲ್ಲಬೇಡಿ, ನೀರು ಬೆರೆಸಿ ಕುಡಿಯಿರಿ. ಕೊನೆಗೆ ಕಾರ್ನ್‌ಫ್ಲೋರ್ ಉದುರಿಸಿ ಎಲ್ಲ ಹೋಳುಗಳಿಗೂ ತಾಗುವಂತೆ ಬೆರೆಸಿ.

ಅಂದಹಾಗೆ, ಏದೆನ್ ತೋಟದ ಹಣ್ಣು ಸೇಬು ಎಂದು ಆದಿಕಾಂಡದಲ್ಲಿ ಎಲ್ಲಿಯೂ ಇಲ್ಲ. ಅಲ್ಲಿರುವುದು ಬರೀ ‘ಹಣ್ಣು’. ಲ್ಯಾಟಿನ್ ಭಾಷೆಯಲ್ಲಿ ಕೇಡು ಎಂಬುದಕ್ಕೂ ಸೇಬು ಎಂಬುದಕ್ಕೂ ‘ಮಾಲುಂ’ ಎಂದೇ ಬರೆಯುತ್ತಾರೆ. ಉಚ್ಚರಿಸುವಾಗ ಸ್ವರ ಮಾತ್ರ ಒಂದರಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ. ಸೇಬಿಗೆ ಆ ಅಪಕೀರ್ತಿ ಅಂಟಲು ಈ ಶಬ್ದಸಾಮ್ಯವೂ ಒಂದು ಕಾರಣವಿರಬಹುದೆನ್ನುತ್ತಾರೆ. ಆದ್ದರಿಂದ ಧೈರ್ಯವಾಗಿ ಕತ್ತರಿಸಿ.

ಹಿಟ್ಟನ್ನು ಹೊರತೆಗೆದು ಐದು ನಿಮಿಷ ಬಿಡಿ. ಬೇಕಿಂಗ್ ಪೇಪರ್ ಮೇಲೆ ಸ್ವಲ್ಪ ಮೈದಾ ಉದುರಿಸಿ, ಬಿಲ್ಲೆಯನ್ನು ನಡುವಿನಿಂದ ಹೊರಕ್ಕೆ ಲಟ್ಟಿಸುತ್ತಾ, ಪ್ರತಿ ಎರಡು ಮೂರು ಸಲಕ್ಕೊಮ್ಮೆ ಪೇಪರನ್ನು ಕಾಲು ಸುತ್ತು ತಿರುಗಿಸಿ. ಸುಮಾರು 32 ಸೆಂಟಿಮೀಟರ್ ಅಗಲ, ಮೂರು ನಾಲ್ಕು ಮಿಲಿಮೀಟರ್ ದಪ್ಪ ಬಂದರೆ ಸಾಕು. ಅಂಚು ಬಿರುಕು ಬಿಟ್ಟರೆ ಬೆರಳಿನಿಂದ ಒತ್ತಿ ಸೇರಿಸಿ. ಈ ಹಂತದಲ್ಲಿ ಹಿಟ್ಟಿನೊಳಗೆ ಹಳದಿ ಮಚ್ಚೆಗಳು ಕಾಣುತ್ತವೆ, ಬೆಣ್ಣೆಯ ಚೂರುಗಳು ಲಟ್ಟಣಿಗೆಗೆ ಸಿಕ್ಕಿ ಉದ್ದಕ್ಕೆ ಎಳೆದುಕೊಂಡ ಗೆರೆಗಳು. ಅವು ಕಂಡರೆ ಖುಷಿಪಡಿ, ಅರ್ಧ ಗೆದ್ದಿರಿ.

ನಡುವೆ ಒಂದು ಚಮಚ ಮೈದಾ ಮತ್ತು ಒಂದು ಚಮಚ ಸಕ್ಕರೆ ಬೆರೆಸಿ ಹರಡಿ. ಇಳಿಯುವ ರಸವನ್ನು ಇದು ಹೀರಿಕೊಳ್ಳುತ್ತದೆ. ಅಂಚಿನಲ್ಲಿ ಐದು ಸೆಂಟಿಮೀಟರ್ ಬಿಟ್ಟು ಸೇಬಿನ ಹೋಳುಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಲೂ ಜೋಡಿಸಿ, ಇಲ್ಲವೇ ಸುಮ್ಮನೆ ರಾಶಿ ಹಾಕಿ. ರುಚಿಗೆ ವ್ಯತ್ಯಾಸವಿಲ್ಲ. ಅಂಚನ್ನು ಪೇಪರಿನ ಸಹಾಯದಿಂದ ಎತ್ತಿ ಹಣ್ಣಿನ ಮೇಲಕ್ಕೆ ಮಡಚಿ, ಮಡಿಕೆಯ ಮೇಲೆ ಮಡಿಕೆ ಬರುವಂತೆ ನಿರಿಗೆ ಹಿಡಿಯುತ್ತಾ ಸುತ್ತು ಬನ್ನಿ. ಎಲ್ಲಿಯೂ ತೂತು ಉಳಿಯದಂತೆ ನೋಡಿಕೊಳ್ಳಿ. ತೂತಿದ್ದರೆ ರಸ ಅಲ್ಲಿಂದಲೇ ಹೊರಬಂದು ಟ್ರೇ ಮೇಲೆ ಕರಟುತ್ತದೆ. ಹಿಟ್ಟು ಮೆತ್ತಗಾಗಿದೆ ಎನಿಸಿದರೆ ಪೇಪರ್ ಸಮೇತ ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ. ಅಂಚಿಗೆ ಹಾಲು ಅಥವಾ ಮೊಟ್ಟೆ ಸವರಿ, ಸಕ್ಕರೆ ಉದುರಿಸಿ, ಪೇಪರನ್ನು ಕಾದ ಟ್ರೇ ಮೇಲೆ ಜಾರಿಸಿ. ಸಮಯ 40ರಿಂದ 50 ನಿಮಿಷ.

ಎರಡನೆಯ ಕಾಯುವಿಕೆ

ಮೊದಲ ಕಾಲು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಬೆಣ್ಣೆಯ ವಾಸನೆ, ಅದರ ಹಿಂದೆಯೇ ದಾಲ್ಚಿನ್ನಿಯ ಪರಿಮಳ ಮನೆಯೆಲ್ಲ ತುಂಬುತ್ತದೆ. ತಿನ್ನಲು ಇನ್ನೂ ಒಂದು ಗಂಟೆ ಇದೆ, ಬಾಯಲ್ಲಿ ಮಾತ್ರ ಆಗಲೇ ನೀರು. ಪೌಲನ ಪತ್ರಗಳ ಕನ್ನಡ ಅನುವಾದದಲ್ಲಿ ಇದಕ್ಕೆ ಹೊಂದುವ ಪದವೊಂದಿದೆ: ಪವಿತ್ರಾತ್ಮನನ್ನು ದೇವರು ನಮಗೆ ಸಂಚಕಾರವಾಗಿ ಕೊಟ್ಟಿದ್ದಾನೆ. ಇಂದು ಪ್ರಾಣಕ್ಕೆ ಸಂಚಕಾರ, ಕೆಲಸಕ್ಕೆ ಸಂಚಕಾರ ಎಂದು ಕೇಡಿನ ಅರ್ಥದಲ್ಲಿಯೇ ಬಳಸಿ ಬಳಸಿ ಆ ಪದದ ಹಳೆಯ ಅರ್ಥ ಮರೆತೇಹೋಗಿದೆ. ವ್ಯಾಪಾರ ಕುದುರಿದ್ದಕ್ಕೆ ಗುರುತಾಗಿ ಕೊಡುವ ಮುಂಗಡವೇ ಸಂಚಕಾರ. ಮುಂಗಡವಾಗಿ ಬರುವುದು ಬೇರೆ ಯಾವುದೋ ವಸ್ತುವಲ್ಲ, ಪೂರ್ತಿ ಸಿಗಬೇಕಾದದ್ದರ ಒಂದು ಪಾಲೇ. ಓವನ್ನಿನ ಪರಿಮಳವೂ ಹಾಗೆಯೇ, ಸೇಬೇ ಗಾಳಿಯಾಗಿ ಮೂಗಿಗೆ ಬಂದಿರುತ್ತದೆ.

ನಿತ್ಯತೆ ಎಂದ ಕೂಡಲೇ ನಮ್ಮ ಕಣ್ಣಿಗೆ ಮೋಡ, ಬಿಳಿ ಬಟ್ಟೆ, ಮೈಯಿಲ್ಲದ ಆತ್ಮಗಳು ಬರುತ್ತವೆ. ಸಂಡೇ ಸ್ಕೂಲಿನ ಗೋಡೆಯ ಚಿತ್ರಗಳದ್ದೇ ಇದರಲ್ಲಿ ದೊಡ್ಡ ತಪ್ಪು. ಸುವಾರ್ತೆಗಳಲ್ಲಿ ಪುನರುತ್ಥಾನನಾದ ಯೇಸು ತಿನ್ನುತ್ತಾನೆ. ಲೂಕನ 24ನೆಯ ಅಧ್ಯಾಯದಲ್ಲಿ ಶಿಷ್ಯರು ತಾವು ಕಾಣುತ್ತಿರುವುದು ಭೂತವೆಂದು ಹೆದರಿದಾಗ ಆತನು ಕೇಳುವ ಪ್ರಶ್ನೆ, ಇಲ್ಲಿ ತಿನ್ನಲು ಏನಾದರೂ ಇದೆಯೇ ಎಂಬುದು. ಅವರು ಸುಟ್ಟ ಮೀನಿನ ತುಂಡು ಕೊಡುತ್ತಾರೆ, ಅವರೆದುರಿಗೇ ತಿನ್ನುತ್ತಾನೆ. ಯೋಹಾನನ 21ರಲ್ಲಿ ಆತನೇ ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಸಿದ್ಧಪಡಿಸಿ, ರಾತ್ರಿಯಿಡೀ ಬಲೆ ಎಳೆದು ದಣಿದವರನ್ನು ಊಟಕ್ಕೆ ಕರೆಯುತ್ತಾನೆ. ಸಾವನ್ನು ದಾಟಿ ಬಂದವನು ಬೆಳಗಿನ ಅಡುಗೆ ಮಾಡಿದ ಎಂಬುದನ್ನು ಅಡುಗೆಮನೆಯಲ್ಲಿ ನಿಂತು ಓದಿದರೆ ಬೇರೆಯೇ ತೆರನಾಗಿ ಕೇಳಿಸುತ್ತದೆ. ಯೆಶಾಯನ 25ನೆಯ ಅಧ್ಯಾಯದಲ್ಲಿಯೂ ದೇವರು ಮರಣವನ್ನು ನುಂಗಿಬಿಡುವುದು ಒಂದು ಔತಣದ ನಡುವೆಯೇ.

ಹಾಗೆಂದು ತಿನ್ನುವುದೇ ಎಲ್ಲ ಎಂದಲ್ಲ. ಐದು ರೊಟ್ಟಿಗಳಿಂದ ಹೊಟ್ಟೆ ತುಂಬಿಸಿಕೊಂಡ ಜನ ಮರುದಿನ ಹುಡುಕಿಕೊಂಡು ಬಂದಾಗ, ಕೆಟ್ಟುಹೋಗುವ ಆಹಾರಕ್ಕಾಗಿ ದುಡಿಯಬೇಡಿ, ನಿತ್ಯಜೀವಕ್ಕೆ ಉಳಿಯುವ ಆಹಾರಕ್ಕಾಗಿ ದುಡಿಯಿರಿ ಎಂದು ಯೇಸು ಕಟುವಾಗಿಯೇ ಹೇಳಿದ. ಗ್ಯಾಲೆಟ್ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಅದರ ಮೇಲೆ ಭಾರವಾದ ಆಸೆ ಹೊರಿಸಿದರೆ ಅದು ತಾಳುವುದಿಲ್ಲ. ಪ್ರಸಂಗಿ ಗ್ರಂಥದ 3:11 ಇದೇ ಇಕ್ಕಟ್ಟನ್ನು ಹೇಳುತ್ತದೆ. ದೇವರು ಒಂದೊಂದನ್ನೂ ಅದರದರ ಕಾಲದಲ್ಲಿ ಚೆಂದವಾಗಿಸಿದ್ದಾನೆ, ಜೊತೆಗೆ ಮನುಷ್ಯರ ಹೃದಯದಲ್ಲಿ ಅನಂತವನ್ನೂ ಇಟ್ಟಿದ್ದಾನೆ. ಮುಗಿದುಹೋಗುವ ಚೆಲುವು ಕೈಯಲ್ಲಿ, ಮುಗಿಯದಿರಲಿ ಎಂಬ ಹಸಿವು ಒಳಗೆ. ಎರಡನ್ನೂ ಇಟ್ಟವನು ಒಬ್ಬನೇ.

ಟೈಮರ್ ಹೊಡೆಯುವ ಹೊತ್ತಿಗೆ ನಾನು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಕೊನೆಯ ಅಧ್ಯಾಯ ತೆರೆದಿದ್ದೆ. ಹುಡುಗಿಗೆ ಹೇಳಬಹುದಾದ ಮಾತು ಅಲ್ಲಿ ಸಿಕ್ಕಿತು.

ಬೆಂದಿದೆಯೇ ಎಂದು ನೋಡುವುದು

ಗಡಿಯಾರವನ್ನು ನಂಬಬೇಡಿ, ಗ್ಯಾಲೆಟ್ಟನ್ನು ನೋಡಿ. ಅಂಚು ಹೊಂಬಣ್ಣ ದಾಟಿ ಕಂದು ಬಣ್ಣಕ್ಕೆ ತಿರುಗಿರಬೇಕು. ತಿಳಿಹಳದಿ ಇರುವಾಗಲೇ ತೆಗೆಯುವುದು ಹೊಸಬರ ಸಾಮಾನ್ಯ ತಪ್ಪು. ಆಗ ಪೇಸ್ಟ್ರಿಯಲ್ಲಿ ಹಸಿ ಮೈದಾದ ರುಚಿ ಉಳಿದಿರುತ್ತದೆ. ನಡುವೆ, ಬರೀ ಅಂಚಿನಲ್ಲಿ ಅಲ್ಲ, ರಸ ಮಂದವಾಗಿ ಗುಳುಗುಳು ಕುದಿಯುತ್ತಿರಬೇಕು. ಕಾರ್ನ್‌ಫ್ಲೋರ್ ಕುದಿಯುವಷ್ಟು ಬಿಸಿಯಾಗದೆ ರಸವನ್ನು ಸರಿಯಾಗಿ ಹಿಡಿಯುವುದಿಲ್ಲ. ಕೊನೆಗೆ ಚಪ್ಪಟೆ ಸೌಟಿನಿಂದ ಒಂದು ಬದಿಯನ್ನು ಮೆಲ್ಲಗೆ ಎತ್ತಿ ತಳ ನೋಡಿ. ತಳ ಕಂದಾಗಿ, ಬಾಗದೆ ನಿಂತರೆ ಬೆಂದಿದೆ. ಮೇಲ್ಭಾಗ ಬೇಗ ಕಪ್ಪಾಗುತ್ತಿದ್ದರೆ ಅಲ್ಯೂಮಿನಿಯಂ ಫಾಯಿಲನ್ನು ಸಡಿಲವಾಗಿ ಹೊದಿಸಿ ಮುಂದುವರಿಸಿ. ಸ್ವಲ್ಪ ರಸ ಹೊರಗೆ ಸೋರಿದ್ದರೆ ಚಿಂತೆಯಿಲ್ಲ. ಪೇಪರ್ ಮೇಲೆ ಗಟ್ಟಿಯಾದ ಆ ಸಕ್ಕರೆಯ ತುಣುಕು ಅಡುಗೆ ಮಾಡಿದವರ ಪಾಲು.

ಪೇಪರ್ ಸಮೇತ ಜಾಲರಿಯ ಮೇಲೆ ಜಾರಿಸಿ ಅರ್ಧ ಗಂಟೆ ಆರಲು ಬಿಡಿ. ಬಿಸಿಯಿರುವಾಗಲೇ ಕೊಯ್ದರೆ ರಸ ಹರಿದುಹೋಗುತ್ತದೆ, ಆರುತ್ತಾ ಬಂದಂತೆ ಅದು ಗಟ್ಟಿಯಾಗುತ್ತದೆ. ಈ ಅರ್ಧ ಗಂಟೆಯಲ್ಲಿ ಯಾವ ಧ್ಯಾನವೂ ನಡೆಯಲಿಲ್ಲ. ಪಾತ್ರೆ ತೊಳೆದೆ.

ಮುಂದಿನ ಭಾನುವಾರ ತುಂಡುಗಳನ್ನು ಹಂಚಿದ ಮೇಲೆ ಪ್ರಕಟನೆ 22:2 ಓದಿಸಿದೆ. ಹೊಸ ಪಟ್ಟಣದ ಬೀದಿಯ ನಡುವೆ ನದಿ ಹರಿಯುತ್ತದೆ. ಅದರ ಎರಡೂ ಕಡೆ ಜೀವವೃಕ್ಷ. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಯಾವ ಮರದ ದಾರಿಯನ್ನು ಕತ್ತಿ ಹಿಡಿದು ಮುಚ್ಚಲಾಯಿತೋ ಅದೇ ಮರ. ಅದು ಹನ್ನೆರಡು ತರದ ಫಲಗಳನ್ನು ಬಿಡುತ್ತದೆ, ತಿಂಗಳು ತಿಂಗಳಿಗೂ ಫಲ ಕೊಡುತ್ತದೆ, ಅದರ ಎಲೆಗಳು ಜನಾಂಗಗಳನ್ನು ವಾಸಿಮಾಡುತ್ತವೆ. “ಬೇಜಾರಾಗುತ್ತದೆಯೇ ಎಂದು ಕೇಳಿದ್ದೆಯಲ್ಲ” ಎಂದೆ. “ಇದನ್ನು ಬರೆದವನಿಗೆ ಅಲ್ಲಿಯೂ ತಿಂಗಳುಗಳು ಕಂಡಿವೆ. ಒಂದರಂತೆ ಇನ್ನೊಂದಿಲ್ಲ.” ಇದು ದರ್ಶನದ ಮಾತು, ಹಣ್ಣಿನ ಪಟ್ಟಿಯಲ್ಲ ಎಂದೂ ಹೇಳಬೇಕೆಂದುಕೊಂಡಿದ್ದೆ. ಅವಳು ಬೆರಳಿಗಂಟಿದ ಸಕ್ಕರೆ ನೆಕ್ಕುತ್ತಾ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಸೇಬು ಯಾವ ತಿಂಗಳು?” ಎಂದಳು.

ಬೇರೆ ಹಣ್ಣು, ಉಳಿಸಿಡುವುದು

ಇದೇ ಹಿಟ್ಟಿಗೆ ಪೇರು, ಪೀಚ್, ಪ್ಲಮ್ ಎಲ್ಲ ಹೊಂದುತ್ತವೆ. ರಸ ಹೆಚ್ಚಿರುವ ಪ್ಲಮ್ ಅಥವಾ ಬೆರಿ ಹಣ್ಣುಗಳಾದರೆ ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚಕ್ಕೆ ಏರಿಸಿ. ಫ್ರೀಜರ್‌ನಲ್ಲಿಟ್ಟ ಹಣ್ಣನ್ನು ಕರಗಿಸದೆ ನೇರವಾಗಿ ಬಳಸಿ, ಬೇಯುವ ಸಮಯಕ್ಕೆ ಐದು ಹತ್ತು ನಿಮಿಷ ಸೇರಿಸಿ. ಪೇರು ಪೂರ್ತಿ ಮಾಗಿರಬಾರದು.

ಮಾಡಿದ ದಿನ ತಿಂದರೆ ಅದರ ರುಚಿಯೇ ಬೇರೆ. ಉಳಿದರೆ ಮರುದಿನಕ್ಕೆ ಹೊರಗೇ ಸಡಿಲವಾಗಿ ಮುಚ್ಚಿಡಿ, ಅದಕ್ಕೂ ಮೀರಿದರೆ ಫ್ರಿಜ್‌ಗೆ ಹಾಕಿ. ತಿನ್ನುವ ಮುಂಚೆ 160 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಗರಿ ಮರಳುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ಒದ್ದೆ ರಟ್ಟಿನಂತಾಗುತ್ತದೆ.

ಹಿಟ್ಟು ಕಲಸುವಾಗಲೇ ಎರಡರಷ್ಟು ಕಲಸುವುದು ಜಾಣತನ. ಎರಡು ಬಿಲ್ಲೆ ಮಾಡಿ, ಒಂದನ್ನು ಗಾಳಿಯಾಡದಂತೆ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ಬೇಕೆಂದಾಗ ಹಿಂದಿನ ರಾತ್ರಿಯೇ ಫ್ರಿಜ್‌ಗೆ ಇಳಿಸಿಕೊಳ್ಳಿ. ಮೇಲೆ ತಾರೀಖು ಬರೆದಿಡಲು ಮರೆಯಬೇಡಿ. ಫ್ರೀಜರ್‌ನೊಳಗೆ ಹೋದ ವಾರದ ಹಿಟ್ಟೂ ಹೋದ ವರ್ಷದ ಹಿಟ್ಟೂ ಒಂದೇ ರೀತಿ ಕಾಣುತ್ತವೆ.